ಹಾಜರಿ ಪಟ್ಟಿಯನ್ನು ಪ್ರಶ್ನಿಸುವ ಹಕ್ಕು ಯಾರದು?



ಗಣಕಯಂತ್ರ ತಾನಾಗಿ ಏನನ್ನೂ ಹೇಳುವುದಿಲ್ಲ. ಲಕ್ಷಗಟ್ಟಲೆ ಜನರ ಹೆಸರು, ಹೆಬ್ಬೆಟ್ಟು, ಮುಖ, ದುಡಿದ ದಿನ, ತಪ್ಪಿದ ದಿನ ಎಲ್ಲವೂ ಅದರ ಹೊಟ್ಟೆಯಲ್ಲಿ ತುಂಬಿರಬಹುದು. ಆದರೆ ಯಾರಾದರೊಬ್ಬರು ಎದುರು ಕುಳಿತು ಪ್ರಶ್ನೆ ಹಾಕಿದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಬಿಟ್ಟದ್ದರ ಬಗ್ಗೆ ಕಲ್ಲಿನಂತೆ ಸುಮ್ಮನಿರುತ್ತದೆ. ಹೀಗೆ ಹಾಕುವ ಪ್ರಶ್ನೆಗೆ ಕಚೇರಿಯವರು ‘ಕ್ವೆರಿ’ ಎನ್ನುತ್ತಾರೆ. ಬರುವ ಉತ್ತರಕ್ಕೆ ‘ರಿಪೋರ್ಟ್’ ಎನ್ನುತ್ತಾರೆ. ಮೇಲಿನ ಅಧಿಕಾರಿ, ಮಂತ್ರಿ, ಕಾರ್ಖಾನೆಯ ಮಾಲೀಕ ಇವರೆಲ್ಲ ನೋಡುವುದು ಆ ರಿಪೋರ್ಟನ್ನು, ನಮ್ಮ ಮುಖವನ್ನಲ್ಲ.

ಆದ್ದರಿಂದ ಇಂದು ದುಡಿಯುವ ಜನ ಕೇಳಬೇಕಾದ ಪ್ರಶ್ನೆ ಒಂದಿದೆ. ಪಟ್ಟಿಯಲ್ಲಿರುವುದು ನಮ್ಮ ಹೆಸರು, ನಮ್ಮ ಬೆವರು, ನಮ್ಮ ದಿನ. ಆ ಪಟ್ಟಿಯನ್ನು ಪ್ರಶ್ನಿಸುವ ಹಕ್ಕು ಮಾತ್ರ ಬೇರೆಯವರ ಕೈಯಲ್ಲಿ ಏಕಿರಬೇಕು?

ಅಗಳಿಯ ಕೂಲಿಗಾರನಿಗೂ ಈ ತಂತ್ರಾಂಶಕ್ಕೂ ಎಲ್ಲಿಯ ಸಂಬಂಧ ಎಂದು ಕೆಲವರು ನಗಬಹುದು. ಅವರಿಗೆ ಅಗಳಿಯ ಸ್ಥಿತಿ ತಿಳಿಯದು. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ, ಮಡಕಶಿರಾ ಇವು ಆಂಧ್ರದ ಗಡಿಯೊಳಗಿನ ಕನ್ನಡದ ಸೀಮೆ. ಮೊದಲು ಅನಂತಪುರ ಜಿಲ್ಲೆಯಲ್ಲಿದ್ದವು. 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಒಣಗಿದಾಗ ಇಲ್ಲಿನ ಜನಕ್ಕೆ ಉಳಿದ ದಾರಿ ಎರಡೇ. ಒಂದು, ಊರಲ್ಲೇ ಉದ್ಯೋಗ ಖಾತ್ರಿಯ ಮಣ್ಣು ಕೆಲಸ. ಇನ್ನೊಂದು, ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗಿ ಗಾರ್ಮೆಂಟ್ಸ್‌ನಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವುದು. ಮಣ್ಣು ಹೊರುವವನ ಹಾಜರಿ ದೆಹಲಿಯ ಕಂಪ್ಯೂಟರಿಗೆ ಹೋಗುತ್ತದೆ. ಹೊಲಿಗೆ ಹಾಕುವವಳ ಹಾಜರಿ ಕಂಪೆನಿಯ ಕಂಪ್ಯೂಟರಿಗೆ ಹೋಗುತ್ತದೆ. ಓದುಬರಹ ಬಾರದವರೂ ಇಂದು ಎರಡೆರಡು ತಂತ್ರಾಂಶಗಳಲ್ಲಿ ದಾಖಲಾಗಿದ್ದಾರೆ.

ಈ ತಂತ್ರಾಂಶಗಳಿಗೆ ‘ಮಾನವ ಸಂಪನ್ಮೂಲ’ದ ಹೆಸರು. ಅದಿರು, ಮರಮಟ್ಟು, ಕಲ್ಲಿದ್ದಲುಗಳ ಸಾಲಿಗೆ ಮನುಷ್ಯನನ್ನೂ ಸೇರಿಸಿದ ಈ ಮಾತು ತನ್ನ ಗುಟ್ಟನ್ನು ತಾನೇ ಹೇಳಿಕೊಳ್ಳುತ್ತದೆ. ಸಂಪನ್ಮೂಲವನ್ನು ಎಣಿಸುತ್ತಾರೆ, ಅಳೆಯುತ್ತಾರೆ. ಅದರೊಡನೆ ಮಾತನಾಡುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ ಕಟ್ಟುವ ಬಗೆ

ಇದರಲ್ಲಿ ಮಾಯವೇನೂ ಇಲ್ಲ. ಹಳೆಯ ಹಾಜರಿ ಪುಸ್ತಕವನ್ನು ನೆನೆಸಿಕೊಳ್ಳಿ. ಅಡ್ಡಸಾಲು ಒಬ್ಬ ಆಳಿನದು. ಕಂಬಸಾಲು ಒಂದೊಂದು ವಿಷಯದ್ದು: ಹೆಸರು, ವಯಸ್ಸು, ತಾರೀಖು, ಕೂಲಿ, ಬಟವಾಡೆಯಾದ ದಿನ. ಕಂಪ್ಯೂಟರಿನಲ್ಲಿರುವುದೂ ಇದೇ ಪುಸ್ತಕ, ಗಾತ್ರ ಮಾತ್ರ ದೊಡ್ಡದು.

ಕ್ವೆರಿ ಕಟ್ಟುವವನು ನಾಲ್ಕು ಕೆಲಸ ಮಾಡುತ್ತಾನೆ. ಮೊದಲು, ಯಾವ ಕಂಬಸಾಲುಗಳು ಬೇಕೆಂದು ಆರಿಸುತ್ತಾನೆ. ಎರಡನೆಯದು, ಷರತ್ತು ಹಾಕುತ್ತಾನೆ: ಇಂಥ ತಿಂಗಳು, ಇಂಥ ಊರು, ಇಷ್ಟು ದಿನಕ್ಕಿಂತ ಹೆಚ್ಚು ಗೈರುಹಾಜರಾದವರು ಮಾತ್ರ. ಮೂರನೆಯದು, ಎರಡು ಪುಸ್ತಕಗಳನ್ನು ಒಂದು ಸಂಖ್ಯೆಯ ಮೂಲಕ ಜೋಡಿಸುತ್ತಾನೆ: ಹಾಜರಿ ಪುಸ್ತಕಕ್ಕೆ ಬ್ಯಾಂಕಿನ ಪುಸ್ತಕ, ಜಾಬ್ ಕಾರ್ಡಿಗೆ ಆಧಾರ್. ನಾಲ್ಕನೆಯದು, ಗುಂಪು ಮಾಡಿ ಕೂಡಿಸಿ ಮೊತ್ತವನ್ನೋ ಶೇಕಡಾವನ್ನೋ ತೆಗೆಯುತ್ತಾನೆ. ಆಮೇಲೆ ಅದಕ್ಕೊಂದು ಹೆಸರಿಟ್ಟು ಉಳಿಸಿ, ಪ್ರತಿ ಸೋಮವಾರ ಸಾಹೇಬರ ಮೇಜಿಗೆ ತಾನಾಗಿ ಹೋಗುವಂತೆ ಗೊತ್ತುಮಾಡುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ಆ ಷರತ್ತು ಹಾಕಿದವರು ಯಾರು, ಏಕೆ ಹಾಕಿದರು ಎಂಬುದು ಎಲ್ಲರಿಗೂ ಮರೆತುಹೋಗಿರುತ್ತದೆ. ರಿಪೋರ್ಟು ಮಾತ್ರ ಕಾನೂನಿನಂತೆ ನಡೆಯುತ್ತಲೇ ಇರುತ್ತದೆ.

ಈ ನಾಲ್ಕು ಕೆಲಸಗಳಲ್ಲಿ ಪ್ರತಿಯೊಂದೂ ಅನ್ಯಾಯ ನುಸುಳಬಲ್ಲ ಕಿಂಡಿ. ಕಂಬಸಾಲೇ ಇಲ್ಲದ ನೋವು ಲೆಕ್ಕಕ್ಕೆ ಬರುವುದಿಲ್ಲ. ಷರತ್ತಿನ ಆಚೆ ಉಳಿದವನು ಕಣ್ಣಿಗೆ ಬೀಳುವುದಿಲ್ಲ. ಜೋಡಣೆ ತಪ್ಪಿದವನು ಇಲ್ಲದವನಾಗುತ್ತಾನೆ. ಒಟ್ಟು ಮೊತ್ತದಲ್ಲಿ ಒಬ್ಬೊಬ್ಬರ ಹಸಿವು ಕರಗಿಹೋಗುತ್ತದೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ರಿಪೋರ್ಟು ಹೇಳುವುದು ‘ಹಾಜರಿ ಶೇಕಡ 99, ತೃಪ್ತಿಕರ’ ಎಂದು. ಆ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ನಮಗೆಲ್ಲ ಗೊತ್ತು. ಅವನ ಲೆಕ್ಕವೇ ಬೇರೆ.

ತಡವಾದ ಕೂಲಿಯ ಕಥೆ

ಇದು ಬರಿಯ ತರ್ಕವಲ್ಲ, ನಡೆದ ಸಂಗತಿ. 2005ರ ಉದ್ಯೋಗ ಖಾತ್ರಿ ಕಾಯ್ದೆ 15 ದಿನದೊಳಗೆ ಕೂಲಿ ಕೊಡಬೇಕೆಂದು ವಿಧಿಸಿತ್ತು. ತಡವಾದರೆ, 16ನೆಯ ದಿನದಿಂದ ದಿನಕ್ಕೆ ಬಾಕಿ ಕೂಲಿಯ ಶೇಕಡ 0.05ರಷ್ಟು ಪರಿಹಾರವನ್ನೂ ನಿಯಮ ಗೊತ್ತುಮಾಡಿತ್ತು. ಇದು ಎಷ್ಟಾಗುತ್ತದೆ ನೋಡಿ. 2025–26ರಲ್ಲಿ ಆಂಧ್ರದ ದಿನಗೂಲಿ 307 ರೂಪಾಯಿ. ಆರು ದಿನಕ್ಕೆ 1,842 ರೂಪಾಯಿ. ತಡವಾದ ಒಂದು ದಿನಕ್ಕೆ ಪರಿಹಾರ 92 ಪೈಸೆ! ದಿನಕ್ಕೆ ಒಂದು ರೂಪಾಯಿಯೂ ಇಲ್ಲ. ಈ 92 ಪೈಸೆಯನ್ನೂ ಉಳಿಸಿಕೊಂಡದ್ದು ಒಂದು ಷರತ್ತು.

ಕೂಲಿ ಎರಡು ಹಂತದಲ್ಲಿ ಬರುತ್ತಿತ್ತು. ಮೊದಲ ಹಂತದಲ್ಲಿ ಊರಿನ ಹಾಜರಿ, ಅಳತೆ ಎಲ್ಲ ಮುಗಿದು ಹಣ ವರ್ಗಾವಣೆಯ ಆದೇಶ ಸಿದ್ಧವಾಗಬೇಕು. ಇದು ರಾಜ್ಯದ ಕೆಲಸ. ಎರಡನೆಯ ಹಂತದಲ್ಲಿ ಕೇಂದ್ರದಿಂದ ಹಣ ಹೊರಟು ಕೂಲಿಗಾರನ ಖಾತೆಗೆ ಸೇರಬೇಕು. ಇದು ಕೇಂದ್ರದ ಕೆಲಸ. ಆದರೆ ಪರಿಹಾರದ ಲೆಕ್ಕ ಹಾಕುವ ತಂತ್ರಾಂಶ ಮೊದಲ ಹಂತದ ತಡವನ್ನು ಮಾತ್ರ ಎಣಿಸುತ್ತಿತ್ತು. ಆದೇಶ ಸಿದ್ಧವಾದ ಕೂಡಲೇ ಗಡಿಯಾರ ನಿಂತಿತು! ಆಮೇಲೆ ಹಣ ಒಂದು ತಿಂಗಳು ಕಾದರೂ ಎರಡು ತಿಂಗಳು ಕಾದರೂ ರಿಪೋರ್ಟಿನಲ್ಲಿ ತಡವೇ ಇಲ್ಲ. ರಾಜೇಂದ್ರನ್ ನಾರಾಯಣನ್, ಸಕೀನಾ ಧೋರಾಜಿವಾಲಾ, ರಾಜೇಶ್ ಗೋಲಾನಿ ಎಂಬ ಮೂವರು ಸಂಶೋಧಕರು 2016–17ರಲ್ಲಿ ಹತ್ತು ರಾಜ್ಯಗಳಲ್ಲಿ ಆದ 90 ಲಕ್ಷಕ್ಕೂ ಹೆಚ್ಚು ಬಟವಾಡೆಗಳನ್ನು ಪರಿಶೀಲಿಸಿದರು. ಸಮಯಕ್ಕೆ ಸರಿಯಾಗಿ ಖಾತೆ ಸೇರಿದ್ದು ಶೇಕಡ 21 ಮಾತ್ರ.

ಅವರು ಹೊಸ ಯಂತ್ರ ತಂದರೇ? ಇಲ್ಲ. ಸರ್ಕಾರವೇ ಎಲ್ಲರಿಗೂ ತೆರೆದಿಟ್ಟಿದ್ದ ದಾಖಲೆಗಳನ್ನೇ ತೆಗೆದುಕೊಂಡು, ಕೊನೆಯ ತಾರೀಖಿನ ಜಾಗದಲ್ಲಿ ‘ಖಾತೆಗೆ ಸೇರಿದ ದಿನ’ವನ್ನು ಇಟ್ಟು ಕೇಳಿದರು. ಅಷ್ಟರಿಂದಲೇ ಸತ್ಯ ಹೊರಬಿತ್ತು. ಸ್ವರಾಜ್ ಅಭಿಯಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಮೇ 18ರಂದು ತೀರ್ಪು ಕೊಟ್ಟು, ಎರಡನೆಯ ಹಂತದ ತಡಕ್ಕೆ ಕೇಂದ್ರವೇ ಹೊಣೆ, ಆ ಭಾರವನ್ನು ಕೂಲಿಗಾರರ ಮೇಲೆ ಹೊರಿಸಲಾಗದು ಎಂದಿತು. ದಿನಗೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂಬುದು ಧರ್ಮೋಪದೇಶಕಾಂಡದ ಕಾಲದಿಂದ ಬಂದ ಕಟ್ಟಳೆ. ನಮ್ಮ ಕಾಲದಲ್ಲಿ ಹೊತ್ತು ಯಾವಾಗ ಮುಳುಗಿತು ಎಂಬುದನ್ನೂ ತಂತ್ರಾಂಶವೇ ತೀರ್ಮಾನಿಸಿತು.

ಹೆಸರು ಅಳಿಸಿ ಅಂಕ ಗಳಿಸುವುದು

ಇನ್ನೊಂದು ಸಂಗತಿ. 2022–23ನೆಯ ಒಂದೇ ವರ್ಷದಲ್ಲಿ ದೇಶದಾದ್ಯಂತ ಉದ್ಯೋಗ ಖಾತ್ರಿ ಪಟ್ಟಿಯಿಂದ 5 ಕೋಟಿಗೂ ಹೆಚ್ಚು ಕೂಲಿಗಾರರ ಹೆಸರುಗಳು ಅಳಿಸಿಹೋದವು. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ ಇದು. ಹಿಂದಿನ ವರ್ಷ ಅಳಿಸಿದ್ದು ಸುಮಾರು ಒಂದೂವರೆ ಕೋಟಿ. ಕಾರಣಗಳೆಂದು ಹೇಳಿದ್ದು ಇವು: ನಕಲಿ ಕಾರ್ಡು, ಎರಡೆರಡು ಕಾರ್ಡು, ಕೆಲಸ ಮಾಡಲು ಇಷ್ಟವಿಲ್ಲ, ಊರು ಬಿಟ್ಟಿದ್ದಾರೆ, ಸತ್ತಿದ್ದಾರೆ.

ನಕಲಿ ಕಾರ್ಡುಗಳು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಇದ್ದವು. ಅವುಗಳನ್ನು ತೆಗೆಯಬೇಕಾದದ್ದೂ ಸರಿ. ಆದರೆ ‘ಕೆಲಸ ಮಾಡಲು ಇಷ್ಟವಿಲ್ಲ’ ಎಂಬ ಕಾರಣವನ್ನು ಆರಿಸಿದ ಬೆರಳು ಯಾರದು? ಹಸಿದವನ ಇಷ್ಟಾನಿಷ್ಟವನ್ನು ಅವನನ್ನು ಕೇಳದೆ ಬರೆದದ್ದು ಹೇಗೆ? ಆಂಧ್ರದ ಅಳಿಸುವಿಕೆಗಳನ್ನು ಪರಿಶೀಲಿಸಿದ ಲಿಬ್‌ಟೆಕ್ ಇಂಡಿಯಾ ಎಂಬ ಸಂಶೋಧಕರ ತಂಡ, ಅರ್ಹರ ಹೆಸರುಗಳೂ ತಪ್ಪಾಗಿ ಹೋಗಿವೆ ಎಂದು ತೋರಿಸಿಕೊಟ್ಟಿತು.

ಇದೇ ಕಾಲದಲ್ಲಿ ಆಧಾರ್ ಮೂಲಕವೇ ಕೂಲಿ ಕೊಡುವ ಪದ್ಧತಿಗೆ ಮೇಲಿನಿಂದ ಒತ್ತಡ ಬರುತ್ತಿತ್ತು. 2024ರ ಜನವರಿ 1ರಿಂದ ಅದು ಕಡ್ಡಾಯವೂ ಆಯಿತು. ಎಷ್ಟು ಜನರ ಜೋಡಣೆ ಆಗಿದೆ ಎಂದು ಶೇಕಡಾ ಲೆಕ್ಕದ ರಿಪೋರ್ಟು ಮೇಲಕ್ಕೆ ಹೋಗುತ್ತದೆ. ಈಗ ಒಂದು ಸಣ್ಣ ಲೆಕ್ಕ ಮಾಡಿ. ಒಂದು ಊರಲ್ಲಿ 100 ಕೂಲಿಗಾರರಿದ್ದಾರೆ, 80 ಜನರ ಜೋಡಣೆ ಆಗಿದೆ ಎನ್ನೋಣ. ಸಾಧನೆ ಶೇಕಡ 80. ಉಳಿದ 20 ಜನರಲ್ಲಿ 15 ಜನರ ಹೆಸರನ್ನು ಅಳಿಸಿಬಿಟ್ಟರೆ? 85ರಲ್ಲಿ 80, ಅಂದರೆ ಸಾಧನೆ ಶೇಕಡ 94! ಒಬ್ಬನ ಜೋಡಣೆಯೂ ಹೆಚ್ಚಲಿಲ್ಲ, ಒಬ್ಬನಿಗೆ ಕೂಲಿಯೂ ಹೆಚ್ಚಲಿಲ್ಲ. ಹದಿನೈದು ಸಂಸಾರಗಳ ಅನ್ನ ಹೋಯಿತು, ಅಂಕ ಮಾತ್ರ ಏರಿತು. ಶೇಕಡಾ ಲೆಕ್ಕವನ್ನು ನೋಡುವವರು ಮೇಲಿನ ಅಂಕಿಯನ್ನು ನೋಡಿದರೆ ಸಾಲದು, ಕೆಳಗಿನ ಅಂಕಿ ಎಲ್ಲಿಗೆ ಹೋಯಿತೆಂದು ಕೇಳಬೇಕು. ಈ ಪ್ರಶ್ನೆ ಆ ರಿಪೋರ್ಟಿನಲ್ಲಿ ಇರುವುದಿಲ್ಲ.

ಅಗಳಿಯಂಥ ಗಡಿ ಸೀಮೆಗೆ ಇದರ ಏಟು ಇಮ್ಮಡಿ. ಇಲ್ಲಿನವರ ಹೆಸರು ಕನ್ನಡದ್ದು. ಅದನ್ನು ತೆಲುಗಿನಲ್ಲಿ ಕೇಳಿ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಹನುಮಂತರಾಯಪ್ಪ ಎಂಬವನು ಒಂದು ಪುಸ್ತಕದಲ್ಲಿ ಹನುಮಂತರಾಯುಡು ಆಗಿ, ಇನ್ನೊಂದರಲ್ಲಿ ಬರೀ ಹನುಮಂತಪ್ಪ ಆಗಿ ಉಳಿಯಬಹುದು. ಕಂಪ್ಯೂಟರಿನ ಕಣ್ಣಿಗೆ ಇವರು ಮೂವರು. ಜೋಡಣೆ ಆಗುವುದಿಲ್ಲ. ತಪ್ಪು ಬರೆದವರ ಕೂಲಿ ನಿಲ್ಲುವುದಿಲ್ಲ. ಹೆಸರಿನ ಒಡೆಯನ ಕೂಲಿ ನಿಲ್ಲುತ್ತದೆ. ರಾಜ್ಯವೆಂಬ ಕಂಬಸಾಲೂ ಹೀಗೆಯೇ. 2025–26ರಲ್ಲಿ ಆಂಧ್ರದ ದರ 307 ರೂಪಾಯಿ, ಕರ್ನಾಟಕದ ದರ 370 ರೂಪಾಯಿ. ಹೊಲದ ಬದುವಿನ ಆಚೆ ಈಚೆ ಒಂದೇ ಭಾಷೆ, ಒಂದೇ ಬಿಸಿಲು, ಬೀಗರು ನೆಂಟರು. ನಡುವೆ 63 ರೂಪಾಯಿ. ಎರಡೂ ಕಡೆಯ ಸಾಲುಗಳನ್ನು ಒಂದು ಹಾಳೆಯಲ್ಲಿಟ್ಟು ನೋಡಿದಾಗ ಮಾತ್ರ ಈ ಅಂತರ ಕಣ್ಣಿಗೆ ಹೊಡೆಯುತ್ತದೆ. ರಾಜ್ಯಕ್ಕೊಂದು ಹಾಳೆ ಮಾಡಿದರೆ ಕಾಣುವುದೇ ಇಲ್ಲ.

ಫೋಟೋ ಕಂಡಿತು, ಮನುಷ್ಯ ಕಾಣಲಿಲ್ಲ

ಕಳ್ಳ ಹಾಜರಿ ತಡೆಯುತ್ತೇವೆಂದು ಮೊಬೈಲ್ ಹಾಜರಿ ಬಂತು. 2023ರ ಜನವರಿ 1ರಿಂದ ಎಲ್ಲ ಸಾಮೂಹಿಕ ಕಾಮಗಾರಿಗಳಲ್ಲೂ ದಿನಕ್ಕೆ ಎರಡು ಸಲ ಫೋಟೋ ತೆಗೆದು ಕಳಿಸಬೇಕೆಂದು ಕಡ್ಡಾಯ ಮಾಡಿದರು. ಫಲವೇನು? 2025ರ ಜುಲೈ 8ರಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವಿಲ್ಲದ ಫೋಟೋಗಳು ಬರುತ್ತಿವೆ, ಫೋಟೋದ ಫೋಟೋ ತೆಗೆದು ಕಳಿಸುತ್ತಿದ್ದಾರೆ ಎಂದು ಒಪ್ಪಿಕೊಂಡಿತು. ಕಳ್ಳನಿಗೆ ಹಳೆಯ ಫೋಟೋ ಒಂದಿದ್ದರೆ ಸಾಕು. ಸಿಗ್ನಲ್ ಸಿಗದ ಗುಡ್ಡದ ತಪ್ಪಲಲ್ಲಿ ನಿಜವಾಗಿ ಗುದ್ದಲಿ ಹಿಡಿದವಳ ಹಾಜರಿ ಮಾತ್ರ ಹೋಗುವುದಿಲ್ಲ. ರಿಪೋರ್ಟಿನಲ್ಲಿ ಕಳ್ಳ ಹಾಜರ್, ದುಡಿದವಳು ಗೈರುಹಾಜರ್. ಮೇಲಿರುವವರು ಕೆಳಗಿನವರ ಮೇಲೆ ಇಟ್ಟ ಕಣ್ಣು ಎಷ್ಟು ಹರಿತವಾದರೂ, ಕೆಳಗಿನವರಿಗೆ ತಿರುಗಿ ನೋಡುವ ಕಣ್ಣಿಲ್ಲದಿದ್ದರೆ ಅದು ಕುರುಡೇ.

ಕಾರ್ಖಾನೆಯ ಒಳಗೆ

ಇನ್ನು ಕಾರ್ಖಾನೆಗಳತ್ತ ನೋಡೋಣ. ದೊಡ್ಡ ಕಂಪೆನಿಗಳು ಪೀಪಲ್‌ಸಾಫ್ಟ್, ಸ್ಯಾಪ್, ವರ್ಕ್‌ಡೇ ಮೊದಲಾದ ಹೆಸರಿನ ತಂತ್ರಾಂಶಗಳನ್ನು ಇಟ್ಟುಕೊಳ್ಳುತ್ತವೆ. ಸಣ್ಣವು ಅಗ್ಗದ್ದನ್ನು ಇಟ್ಟುಕೊಳ್ಳುತ್ತವೆ. ಯಾರು ಎಷ್ಟು ಹೊತ್ತಿಗೆ ಒಳಬಂದರು, ಎಷ್ಟು ರಜೆ ಹಾಕಿದರು, ಎಷ್ಟು ತಿಂಗಳಿಗೆ ಕೆಲಸ ಬಿಟ್ಟರು ಎಲ್ಲವೂ ಅದರಲ್ಲಿರುತ್ತದೆ.

ಇಂಥ ತಂತ್ರಾಂಶಗಳಲ್ಲಿ ಗೈರುಹಾಜರಿಯನ್ನು ಅಳೆಯಲು ಬಳಸುವ ಒಂದು ಸೂತ್ರವಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಹೆಸರಿನಿಂದ ಕರೆಯುತ್ತಾರೆ. ಎಷ್ಟು ಸಲ ಗೈರಾದರೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಒಟ್ಟು ದಿನಗಳಿಂದ ಗುಣಿಸಬೇಕು. ಒಬ್ಬನು ಒಂದೇ ಸಲ ಹತ್ತು ದಿನ ರಜೆ ಹಾಕಿದ: ಒಂದನ್ನು ಒಂದರಿಂದ, ಅದನ್ನು ಹತ್ತರಿಂದ ಗುಣಿಸಿದರೆ 10 ಅಂಕ. ಒಬ್ಬಳು ಅದೇ ಹತ್ತು ದಿನವನ್ನು ಒಂದೊಂದು ದಿನದಂತೆ ಹತ್ತು ಸಲ ಹಾಕಿದಳು: ಹತ್ತನ್ನು ಹತ್ತರಿಂದ, ಅದನ್ನು ಮತ್ತೆ ಹತ್ತರಿಂದ ಗುಣಿಸಿದರೆ 1,000 ಅಂಕ! ಇಬ್ಬರೂ ದುಡಿದ ದಿನಗಳು ಸಮ. ರಿಪೋರ್ಟಿನಲ್ಲಿ ಅವಳು ಅವನಿಗಿಂತ ನೂರು ಪಟ್ಟು ತಪ್ಪಿತಸ್ಥೆ.

ಒಂದೊಂದೇ ದಿನ ರಜೆ ಹಾಕುವವರು ಯಾರು? ಮಗುವಿಗೆ ಜ್ವರ ಬಂದ ತಾಯಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಲ್ಲಬೇಕಾದ ಹೆಂಗಸು. ತಿಂಗಳಿಗೊಮ್ಮೆ ಹೊಟ್ಟೆನೋವಿನಿಂದ ಏಳಲಾರದ ಹುಡುಗಿ. ಸೂತ್ರದಲ್ಲಿ ‘ಏಕೆ’ ಎಂಬ ಕಂಬಸಾಲೇ ಇಲ್ಲ. ಯಂತ್ರಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಹೊಗಳುವವರು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಲಿ.

ಹಾಗೆಂದು ಯಂತ್ರವನ್ನು ಒಡೆಯಿರೆಂದು ನಾವು ಹೇಳುತ್ತಿಲ್ಲ. ಅದೇ ತಂತ್ರಾಂಶಕ್ಕೆ ಬೇರೆ ಪ್ರಶ್ನೆಗಳನ್ನು ಹಾಕಬಹುದು. ಒಂದೇ ಕೆಲಸಕ್ಕೆ ಗಂಡಿಗೆಷ್ಟು, ಹೆಣ್ಣಿಗೆಷ್ಟು? ಹೆಚ್ಚು ಹೊತ್ತು ದುಡಿಸಿದ ದಿನಗಳೆಷ್ಟು, ಅವುಗಳಲ್ಲಿ ದುಪ್ಪಟ್ಟು ಕೂಲಿ ಕೊಟ್ಟದ್ದೆಷ್ಟು? ಯಾವ ಸೂಪರ್‌ವೈಸರನ ಲೈನಿನಿಂದ ಹೆಚ್ಚು ಹೆಂಗಸರು ಕೆಲಸ ಬಿಟ್ಟು ಹೋಗುತ್ತಿದ್ದಾರೆ? ಈ ಕೊನೆಯ ಪ್ರಶ್ನೆ ಕಟ್ಟಲು ಹತ್ತು ನಿಮಿಷ ಸಾಕು. ಬೈಗುಳ ಎಲ್ಲಿದೆ, ಕಿರುಕುಳ ಎಲ್ಲಿದೆ ಎಂಬ ಸುಳಿವು ಅದರಿಂದಲೇ ಸಿಗುತ್ತದೆ. ಆದರೆ ಕೇಳುವ ಕೀಲಿ ಇರುವುದು ಆಫೀಸಿನ ಒಳಗೆ. ಹೊಲಿಗೆ ಯಂತ್ರದ ಮುಂದೆ ಕುಳಿತವರಿಗೆ ಅದು ಸಿಗುವುದಿಲ್ಲ.

ಕೇಳದ ಪ್ರಶ್ನೆ ಒಂದು ದಿನ ಬೀದಿಗೆ ಬರುತ್ತದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಗಾರ್ಮೆಂಟ್ಸ್‌ನ ಹೆಂಗಸು 58 ವರ್ಷದವರೆಗೆ ಅಲ್ಲಿ ದುಡಿಯುತ್ತಾಳೆಯೇ? ಕೆಲಸ ಬಿಟ್ಟಾಗ ಅವಳ ಕೈಗೆ ಗಂಟಾಗಿ ಸಿಗುವ ಹಣ ಅದೊಂದೇ ಅಲ್ಲವೇ? ಇದನ್ನು ಯಾರೂ ಅವರನ್ನು ಕೇಳಿರಲಿಲ್ಲ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಎರಡನೆಯ ದಿನವೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮೊದಲೇ ಕೇಳಿದ್ದರೆ ಆ ಲಾಠಿ ಏಟುಗಳು ಏಕೆ ಬೇಕಿದ್ದವು?

ಅನಂತಪುರ ಕಲಿಸಿದ ಪಾಠ

ದುಡಿಯುವವರು ಪಟ್ಟಿಯನ್ನು ಪ್ರಶ್ನಿಸಬಲ್ಲರೇ ಎಂಬ ಅನುಮಾನಕ್ಕೆ ಉತ್ತರ ದೂರದಲ್ಲಿಲ್ಲ, ನಮ್ಮ ಅನಂತಪುರ ಜಿಲ್ಲೆಯಲ್ಲೇ ಇದೆ. 2006ರ ಫೆಬ್ರವರಿ 2ರಂದು ಪ್ರಧಾನಿ ಮನಮೋಹನ ಸಿಂಗ್ ಉದ್ಯೋಗ ಖಾತ್ರಿಯನ್ನು ದೇಶಕ್ಕೆ ತೆರೆದದ್ದು ಇದೇ ಜಿಲ್ಲೆಯ ಬಂಡ್ಲಪಲ್ಲಿ ಎಂಬ ಹಳ್ಳಿಯಲ್ಲಿ. ಅದೇ ವರ್ಷ ಇದೇ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದ ಸಾಮಾಜಿಕ ಲೆಕ್ಕಪರಿಶೋಧನೆಯೂ ನಡೆಯಿತು. ಆಂಧ್ರದಲ್ಲಿ ಈ ಪದ್ಧತಿ ಹೀಗೆ ನಡೆದುಬಂತು: ಕಂಪ್ಯೂಟರಿನಿಂದ ಮಸ್ಟರ್ ರೋಲನ್ನೂ ಬಟವಾಡೆಯ ಪಟ್ಟಿಯನ್ನೂ ಮುದ್ರಿಸಿ ತೆಗೆಯುವುದು. ಊರಿನದೇ ಓದಿದ ಹುಡುಗ ಹುಡುಗಿಯರು ಅದನ್ನು ಹಿಡಿದು ಮನೆ ಮನೆಗೆ ಹೋಗಿ, ‘ಇಷ್ಟು ದಿನ ದುಡಿದಿರೆಂದು ಬರೆದಿದೆ, ನಿಜವೇ? ಇಷ್ಟು ಹಣ ಕೊಟ್ಟೆವೆಂದಿದೆ, ಬಂತೇ?’ ಎಂದು ಕೇಳುವುದು. ಕೊನೆಗೆ ಜನರೆದುರು, ಅಧಿಕಾರಿಗಳೆದುರು ಅದನ್ನು ಗಟ್ಟಿಯಾಗಿ ಓದುವುದು. ಸತ್ತವರ ಹೆಸರಿನಲ್ಲಿ ಎತ್ತಿದ ಕೂಲಿ, ತೋಡದ ಹೊಂಡ, ಎರಡು ಸಲ ಬರೆದ ಬಿಲ್ಲು ಇವೆಲ್ಲ ಬೀಳುವುದು ಇಂಥ ಬಲೆಗೇ.

ಈ ದಾರಿಯನ್ನು ತೋರಿಸಿದವರು ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನದವರು. 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾ ಎಂಬ ಊರಲ್ಲಿ ಅವರು ಮೊದಲ ಜನಸುನವಾಯಿ ನಡೆಸಿ, ಮಸ್ಟರ್ ರೋಲನ್ನು ಊರೆದುರು ಓದಿದರು. ಅಲ್ಲಿಂದ ಹೊರಟ ಹಾದಿ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಬಂತು. ಓದು ಬಾರದವರೂ ಅಲ್ಲಿ ಪಟ್ಟಿಯನ್ನು ಪರೀಕ್ಷಿಸಿದರು. ಏಕೆಂದರೆ ತಾನು ಎಷ್ಟು ದಿನ ದುಡಿದೆ ಎಂಬುದು ದುಡಿದವನಿಗೆ ಯಾವ ಕಂಪ್ಯೂಟರಿಗಿಂತಲೂ ಚೆನ್ನಾಗಿ ಗೊತ್ತು.

ಗೋಪ್ಯತೆ ಯಾರಿಗೆ?

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆ. ಜನರ ವಿವರಗಳನ್ನು ಹೀಗೆ ಬೀದಿಗೆ ತಂದರೆ ಅವರ ಗೋಪ್ಯತೆ ಏನಾಗಬೇಕು? ಇದನ್ನು ತಳ್ಳಿಹಾಕುವಂತಿಲ್ಲ. ಆಧಾರ್ ಸಂಖ್ಯೆ, ಫೋನು, ಬ್ಯಾಂಕ್ ಖಾತೆ, ಕಾಯಿಲೆ, ಬಸುರಿನ ವಿಷಯ ಯಾವುದೂ ಯಾರ ಕೈಗೂ ಹೋಗಕೂಡದು. ಆದರೆ ಸಾರ್ವಜನಿಕ ಹಣದಿಂದ ಯಾವ ಕೆಲಸಕ್ಕೆ ಎಷ್ಟು ದಿನದ ಕೂಲಿ ಕೊಟ್ಟರು ಎಂಬುದು ಗುಟ್ಟಾಗಬೇಕಾಗಿಲ್ಲ. ಈ ಎರಡನ್ನೂ ಬೇರೆ ಮಾಡುವುದು ಕ್ವೆರಿ ಕಟ್ಟುವವನಿಗೆ ಕಷ್ಟವೇ ಅಲ್ಲ; ಬೇಡದ ಕಂಬಸಾಲನ್ನು ಬಿಟ್ಟರೆ ಆಯಿತು.

ಈಗಿನ ಕಾನೂನು ನೋಡಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ 7ನೆಯ ಕಲಮು, ಉದ್ಯೋಗದ ಉದ್ದೇಶಗಳಿಗಾಗಿ ನೌಕರರ ವಿವರವನ್ನು ಅವರ ಒಪ್ಪಿಗೆ ಕೇಳದೆ ಬಳಸಲು ಮಾಲೀಕರಿಗೆ ಅವಕಾಶ ಕೊಡುತ್ತದೆ. ತನ್ನ ಬಗ್ಗೆ ಏನಿದೆ ಎಂದು ಕೇಳಿ ತಿಳಿಯುವ 11ನೆಯ ಕಲಮಿನ ಹಕ್ಕನ್ನು ಮಾತ್ರ ಒಪ್ಪಿಗೆ ಕೊಟ್ಟ ವಿವರಗಳಿಗೆ ಕಟ್ಟಿಹಾಕಿದ್ದಾರೆ. ಅಂದರೆ, ಒಪ್ಪಿಗೆ ಕೇಳಲೇ ಇಲ್ಲ. ಆದ್ದರಿಂದ ಕೇಳುವ ಹಕ್ಕೂ ಇಲ್ಲ! ಇದೇ ಕಾಯ್ದೆಯ ಮೂಲಕ 2025ರ ನವೆಂಬರಿನಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೂ ಬದಲಿಸಿದ್ದಾರೆ. ವೈಯಕ್ತಿಕ ಮಾಹಿತಿ ಎಂಬ ಒಂದು ಮಾತಿನಿಂದ ಅರ್ಜಿಯನ್ನು ತಳ್ಳಿಹಾಕುವುದು ಈಗ ಹಿಂದಿಗಿಂತ ಸುಲಭ. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದೆಂಬ 8(2)ನೆಯ ಕಲಮು ಉಳಿದಿದೆ, ಅದನ್ನು ಬಿಡದೆ ಹಿಡಿದುಕೊಳ್ಳಬೇಕು. ಮೇಲಿನವರು ಕೆಳಗೆ ನೋಡುವಾಗ ಗೋಡೆಯೇ ಇಲ್ಲ. ಕೆಳಗಿನವರು ಮೇಲೆ ನೋಡುವಾಗ ಪರದೆ. ಇದಕ್ಕೆ ಗೋಪ್ಯತೆ ಎಂದು ಹೆಸರು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ ಸಂಹಿತೆಯಂತೆ ಮಾಲೀಕರು ವೇತನ ಚೀಟಿ ಕೊಡಲೇಬೇಕು, ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಇಡಲೂಬಹುದು. ಚೀಟಿ ಒಳ್ಳೆಯದೇ. ಆದರೆ ಚೀಟಿಯಲ್ಲಿರುವುದು ನನ್ನ ಒಂದು ಸಾಲು ಮಾತ್ರ. ಪಕ್ಕದವಳಿಗೆ ಎಷ್ಟು ಬಂತು, ಇಡೀ ಲೈನಿಗೆ ಎಷ್ಟು ಹೊತ್ತಿನ ಓಟಿ ಹೋಯಿತು ಎಂಬುದು ಪಟ್ಟಿಯಲ್ಲಿದೆ. ಒಂಟಿ ಸಾಲಿನಿಂದ ಅನ್ಯಾಯ ಗೊತ್ತಾಗುವುದಿಲ್ಲ. ಸಾಲುಗಳನ್ನು ಕೂಡಿಸಿದಾಗ ಗೊತ್ತಾಗುತ್ತದೆ. ಜನರು ಕೂಡಿದರೆ ಸಂಘವಾಗುವಂತೆಯೇ ಇದು.

ನಮ್ಮ ಬೇಡಿಕೆ

2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ಅಂಗೀಕರಿಸಿತು. 100 ದಿನದ ಬದಲು 125 ದಿನ ಎಂದಿದ್ದಾರೆ. ಬೆರಳಚ್ಚು, ಮುಖದ ಗುರುತಿನಂಥ ಉಪಾಯಗಳಿಗೂ ಒತ್ತು ಕೊಟ್ಟಿದ್ದಾರೆ. 125 ಎಂಬ ಅಂಕಿಯನ್ನು ನೋಡಿ ಹಿಗ್ಗುವ ಮೊದಲು, ಅದನ್ನು ಎಣಿಸುವ ಪಟ್ಟಿ ಯಾರ ಕೈಯಲ್ಲಿರುತ್ತದೆ ಎಂದು ಕೇಳಬೇಕು. ನಾವು ಕೇಳುವುದು ಇಷ್ಟು:

1. ಕೂಲಿ ತಡವಾದದ್ದನ್ನು, ಖಾತೆಗೆ ಹಣ ಸೇರಿದ ದಿನದವರೆಗೆ ಎಣಿಸಬೇಕು. ಬೇರೆ ಯಾವ ದಿನಕ್ಕೂ ಗಡಿಯಾರ ನಿಲ್ಲಕೂಡದು.

2. ಯಾರ ಹೆಸರನ್ನೂ ಅಳಿಸುವ ಮೊದಲು ಗ್ರಾಮಸಭೆಯಲ್ಲಿ ಓದಬೇಕು. ಅಳಿಸಿದವರ ಪಟ್ಟಿ, ಕಾರಣ, ಅಳಿಸಿದ ಅಧಿಕಾರಿಯ ಹುದ್ದೆ ಮೂರೂ ರಿಪೋರ್ಟಿನಲ್ಲಿರಬೇಕು.

3. ಪ್ರತಿ ರಿಪೋರ್ಟಿನ ತಲೆಯ ಮೇಲೆ, ಯಾವ ಷರತ್ತಿನಿಂದ ತೆಗೆದದ್ದು, ಯಾರನ್ನು ಬಿಟ್ಟದ್ದು ಎಂದು ಸರಳ ಮಾತಿನಲ್ಲಿ ಬರೆದಿರಬೇಕು.

4. ಅಗಳಿಯಂಥ ಕನ್ನಡ ಸೀಮೆಯಲ್ಲಿ ಆ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಬೇಕು, ಕನ್ನಡದಲ್ಲಿ ಓದಿ ಹೇಳಬೇಕು. ತಿಳಿಯದ ಭಾಷೆಯಲ್ಲಿ ಗೋಡೆಗೆ ಅಂಟಿಸಿದ ಕಾಗದ ಗೋಡೆಯೇ ಸರಿ.

5. ಕಾರ್ಖಾನೆಗಳಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ, ಹೆಸರು ಬಿಟ್ಟು ಒಟ್ಟು ಲೆಕ್ಕದ ರಿಪೋರ್ಟುಗಳನ್ನು ಕೇಳಿ ಪಡೆಯುವ ಹಕ್ಕು ಇರಬೇಕು. ಗೈರುಹಾಜರಿಯ ಅಂಕದ ಮೇಲೆ ಶಿಕ್ಷೆ ಕೊಡುವ ಮೊದಲು ಕಾರಣವನ್ನು ಕೇಳಬೇಕು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನಾಲ್ಕಾಣೆಯ ಕಾಲದ ಬುದ್ಧಿಯೊಂದು ಈಗಲೂ ಸಲ್ಲುತ್ತದೆ: ಸ್ವಂತ ಪುಸ್ತಕ ಇಡಿ. ಗುಂಪಿನಲ್ಲಿ ಓದು ಬಲ್ಲ ಒಬ್ಬರು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬಂದವರ ಹೆಸರು, ಮಾಡಿದ ಕೆಲಸ, ಕೂಲಿ ಬಂದ ತಾರೀಖು ಬರೆದಿಡಲಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ವೇತನ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಲಿ, ನಾಲ್ಕು ಜನ ಕೂತು ಸಾಲು ಸಾಲಾಗಿ ಹೋಲಿಸಿ ನೋಡಲಿ. ಕಚೇರಿಯ ಪಟ್ಟಿಗೂ ನಮ್ಮ ಪುಸ್ತಕಕ್ಕೂ ವ್ಯತ್ಯಾಸ ಕಂಡಲ್ಲೆಲ್ಲ ಒಂದು ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆಯನ್ನು ಕಾಗದದಲ್ಲಿ ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.

ಲೆಕ್ಕ ಬರೆಯುವವನು ಒಬ್ಬ, ಲೆಕ್ಕ ಕೇಳುವವನೂ ಅವನೇ ಆದರೆ ಆ ಮನೆಯಲ್ಲಿ ನ್ಯಾಯ ಉಳಿಯುವುದಿಲ್ಲ. ನಮ್ಮ ಹೆಬ್ಬೆಟ್ಟನ್ನು ಇಷ್ಟು ದಿನ ಹಾಜರಿಗೆ ಮಾತ್ರ ಒತ್ತಿಸಿಕೊಂಡರು. ಇನ್ನು ಮುಂದೆ ಅದೇ ಹೆಬ್ಬೆಟ್ಟು ಪ್ರಶ್ನೆಯ ಕೆಳಗೂ ಬೀಳಲಿ.